ಹದಿನೇಳನೆಯ ಪ್ರಶ್ನೆಯ ಉತ್ತರ

ಅವಳ ಕೆಲಸ ಪ್ರಶ್ನೆ ಕೇಳುವುದು. ಹನ್ನೊಂದು ವರ್ಷದಿಂದ ಅದೊಂದೇ ಕೆಲಸ. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ, ಎಲ್ಲಿ ಮುದುಡುತ್ತದೆ ಎಂದು ತಿಳಿಯಲು ಹೊರಟ ದೊಡ್ಡ ಅಧ್ಯಯನ ಅದು. ಆರುನೂರು ಮಕ್ಕಳನ್ನು ಮೂರನೆಯ ವಯಸ್ಸಿನಲ್ಲಿ ಹಿಡಿದು ಹದಿನೆಂಟು ತುಂಬುವ ತನಕ ಬಿಡದೆ ನೋಡುವ ಯೋಜನೆ. ಅದರಲ್ಲಿ ಎಂಬತ್ತು ಮನೆ ಅವಳ ಪಾಲಿಗೆ. ವರ್ಷಕ್ಕೊಮ್ಮೆ ಹೋಗಿ ಬಾಗಿಲು ತಟ್ಟಬೇಕು, ಚಪ್ಪಲಿ ಬಿಟ್ಟು ಒಳಗೆ ಕೂರಬೇಕು, ಪಟ್ಟಿಯಲ್ಲಿದ್ದದ್ದನ್ನು ಇದ್ದ ಹಾಗೇ ಓದಬೇಕು. ಮಕ್ಕಳು ಅವಳನ್ನು ಪ್ರಶ್ನೆ ಅಕ್ಕ ಅನ್ನುತ್ತಿದ್ದರು. ಕೊನೆಗೆ ಕಚೇರಿಯವರೂ ಹಾಗೇ ಕರೆಯತೊಡಗಿದರು.

ತರಬೇತಿಯಲ್ಲಿ ಮೊದಲು ಕಲಿಸಿದ್ದು ಮುಖ. ಕನ್ನಡಿಯ ಮುಂದೆ ಕೂರಿಸಿ, ಮಗು ಏನೇ ಹೇಳಿದರೂ ಹುಬ್ಬು ಏರಬಾರದು, ತಲೆ ಅಲ್ಲಾಡಬಾರದು, ಅಯ್ಯೋ ಪಾಪ ಎಂಬ ಮಾತು ಬಾಯಿಂದ ಬರಬಾರದು ಎಂದು ಅಭ್ಯಾಸ ಮಾಡಿಸಿದರು. ನಾವು ಮುಖ ಸಿಂಡರಿಸಿದರೆ ಮಗು ಉತ್ತರ ಬದಲಾಯಿಸುತ್ತದಂತೆ. ನ್ಯಾಯವಾದ ಮಾತೇ, ಇರಲಿ. ಆದರೆ ಪ್ರಶ್ನೆ ಅಕ್ಕ ಹುಟ್ಟಾ ಬಾಯಿಬಡುಕಿ. ಅವಳ ಗಂಡ ಶಾಲೆಯ ವ್ಯಾನು ಓಡಿಸುವವನು. ದಿನಾ ಬೆಳಗ್ಗೆ ಅವಳು ಚೀಲ ಹೆಗಲಿಗೇರಿಸುವಾಗ, "ಮುಖಕ್ಕೆ ಇಸ್ತ್ರಿ ಹಾಕ್ಕೊಂಡು ಹೊರಟ್ಯಾ? ಬರೋವಾಗ ಒಂದೆರಡು ಸುಕ್ಕು ಮಾಡ್ಕೊಂಡು ಬಾ ತಾಯಿ, ಮನೇಲೂ ಮನುಷ್ಯರಿದ್ದೀವಿ" ಎಂದು ಕಾಲೆಳೆಯುತ್ತಿದ್ದ.

ಆ ಎಂಬತ್ತು ಮಕ್ಕಳಲ್ಲಿ ಒಬ್ಬಳು ಲಾಯರಮ್ಮ. ಮೂರು ವರ್ಷದವಳಿದ್ದಾಗ ಎಂಟು ಮರದ ತುಂಡುಗಳನ್ನು ಕೊಟ್ಟು ಒಂದರ ಮೇಲೊಂದು ಜೋಡಿಸು ಅಂದರೆ, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದಳು. "ಯಾಕೆ? ಆಮೇಲೆ ಬಿದ್ದೋಗತ್ತೆ. ನೀವು ಜೋಡ್ಸಿ, ನಾನು ಬೀಳಿಸ್ತೀನಿ." ಅವಳ ತಾಯಿ ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಮನೆಗೆ ತಂದು ಇಸ್ತ್ರಿ ಮಾಡುವವಳು, ಪೆಟ್ಟಿಗೆ ಕೆಳಗಿಟ್ಟು ನಕ್ಕು, "ಇದು ಲಾಯರಮ್ಮ ಆಗತ್ತೆ ನೋಡ್ತಿರಿ" ಅಂದಿದ್ದಳು. ಹೆಸರು ಅಂಟಿಕೊಂಡಿತು. ವರ್ಷ ವರ್ಷವೂ ಪಟ್ಟಿಯ ಒಂದೊಂದು ಪ್ರಶ್ನೆಗೂ ಎರಡು ಮರುಪ್ರಶ್ನೆ ಹಾಕಿ ಪ್ರಶ್ನೆ ಅಕ್ಕನ ಬೆವರಿಳಿಸುತ್ತಿದ್ದ ಹುಡುಗಿ.

ಈ ವರ್ಷ ಅವಳಿಗೆ ಹದಿನಾಲ್ಕು. ಮಗುವನ್ನು ಒಂಟಿಯಾಗಿ ಕೂರಿಸಿ ಕೇಳಬೇಕೆಂಬುದು ನಿಯಮ. ಇರುವ ಒಂದು ಕೋಣೆಯಲ್ಲಿ ಇಸ್ತ್ರಿ ಮೇಜು, ಬಟ್ಟೆಯ ಗುಡ್ಡೆ, ಅಮ್ಮ. ಹಾಗಾಗಿ ಇಬ್ಬರೂ ಮಹಡಿ ಮೆಟ್ಟಿಲ ಮೇಲೆ ಕೂತರು. ಹುಡುಗಿ ಒಂದಕ್ಕೂ ಮರುಪ್ರಶ್ನೆ ಹಾಕಲಿಲ್ಲ. ಮೊಣಕಾಲು ತಬ್ಬಿಕೊಂಡು ಹೂಂ, ಉಹೂಂ ಅನ್ನುತ್ತಾ ಹೋದಳು. ಹದಿನೇಳನೆಯ ಪ್ರಶ್ನೆ ಬಂತು. ಕಳೆದ ಎರಡು ವಾರಗಳಲ್ಲಿ ಬದುಕಿರುವುದೇ ಬೇಡ ಎಂದು ಅನ್ನಿಸಿದೆಯೇ? ಇಲ್ಲವೇ ಇಲ್ಲ ಅಂದರೆ ಸೊನ್ನೆ, ಕೆಲವು ದಿನ ಅಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನ ಅಂದರೆ ಎರಡು, ಹೆಚ್ಚುಕಡಿಮೆ ದಿನವೂ ಅಂದರೆ ಮೂರು.

"ಯಾವುದು ಹೇಳಿದ್ರೆ ಯಾರಾದ್ರೂ ಬರ್ತಾರೆ?" ಅಂದಳು ಹುಡುಗಿ.

ಪ್ರಶ್ನೆ ಅಕ್ಕನ ಮುಖ ಕಲಿಸಿದ ಹಾಗೇ ಇತ್ತು. "ನಿನಗೆ ಅನ್ನಿಸಿದ್ದು ಹೇಳು" ಅಂದಳು, ಪಟ್ಟಿಯಲ್ಲಿ ಹಾಗೇ ಬರೆದಿತ್ತು.

"ಕೊನೇದು."

ಪ್ರಶ್ನೆ ಅಕ್ಕ ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಅದನ್ನೇ ಒತ್ತಿದಳು. ಅದರ ಮೇಲೆ ಕೆಂಪು ಅಕ್ಷರ ಮೂಡಿತು: ಎರಡು ದಿನದೊಳಗೆ ಆಪ್ತಸಲಹೆಗಾರರು ಮನೆಗೆ ಬರುತ್ತಾರೆ, ನೀವಾಗಿ ಯಾರಿಗೂ ಏನೂ ತಿಳಿಸಬಾರದು. ನಲವತ್ತೆರಡು ಪ್ರಶ್ನೆಯ ಆ ಪಟ್ಟಿಯಲ್ಲಿ ಯಾಕೆ ಎಂಬ ಪ್ರಶ್ನೆ ಒಂದೂ ಇರಲಿಲ್ಲ. ಇಷ್ಟು ಓದಿದವರು ಕೂತು ಮಾಡಿದ ಪಟ್ಟಿ! ಪ್ರಶ್ನೆ ಅಕ್ಕ ಪಟ್ಟಿ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂತಳು. "ಎರಡೇ ದಿನ. ಒಬ್ಬರು ಬರ್ತಾರೆ, ಒಳ್ಳೆಯವರು. ನಾನು ಹೇಳ್ತಿದ್ದೀನಲ್ಲ" ಎಂದು ಮಾತು ಕೊಟ್ಟು ಎದ್ದಳು. ತಾಯಿಗೆ ಹೇಳಲಿಲ್ಲ. ನಿಯಮ.

ಒಂಬತ್ತು ದಿನ ಕಳೆದು, ಸೋಮವಾರ, ಕಚೇರಿಯಲ್ಲಿ ಅವಳ ಮೇಜಿನ ಮೇಲೆ ಒಂದು ಚೀಟಿ ಬಿದ್ದಿತ್ತು. ಲಾಯರಮ್ಮನ ಮನೆಯ ಸಂಖ್ಯೆ. ಹದಿನೇಳನೆಯ ಉತ್ತರ ಹಿಂದಿನ ವರ್ಷಗಳಿಗೆ ಹೊಂದುತ್ತಿಲ್ಲ, ಬೆರಳು ಜಾರಿರಬಹುದು, ಖಾತ್ರಿಪಡಿಸಿ ಸಹಿ ಮಾಡಿ.

ಅವಳು ಚೀಟಿ ಹಿಡಿದು ಅಂಕಿ ಮೇಷ್ಟ್ರ ಮುಂದೆ ನಿಂತಳು. ಎಲ್ಲ ಮನೆಗಳ ಉತ್ತರಗಳನ್ನು ಸೋಸಿ ಚೊಕ್ಕ ಮಾಡುವವರು ಅವರು. ಕೆಟ್ಟವರೇನಲ್ಲ, ನೊಣ ಹೊಡೆಯಲೂ ಹಿಂದೆಮುಂದೆ ನೋಡುವ ಆಸಾಮಿ.

"ಸಾರ್, ಇದು ಬೆರಳು ಜಾರಿದ್ದಲ್ಲ. ಆ ಹುಡುಗಿ ಬಾಯಿಬಿಟ್ಟು ಹೇಳಿದ್ದು. ಆಪ್ತಸಲಹೆಗಾರರು ಹೋಗಿ ಬಂದ್ರಲ್ಲ?"

"ಹೇಗೆ ಹೋಗ್ತಾರಮ್ಮ? ಅನುಮಾನದ ಉತ್ತರಾನ ಮುಂದಕ್ಕೆ ಕಳಿಸಲ್ಲ, ತಡೆ ಹಿಡೀತೀವಿ. ನೀವು ಮತ್ತೆ ಹೋಗಿ ಕೇಳಿ ಖಾತ್ರಿ ಮಾಡಿ, ಅವತ್ತೇ ಕಳಿಸ್ತೀನಿ."

"ಒಂಬತ್ತು ದಿನ ಆಯ್ತು."

"ಚೀಟಿ ಹೊರಡೋದು ಎರಡು ವಾರಕ್ಕೊಮ್ಮೆ, ಸೋಮವಾರ ಅಲ್ವಾ?"

"ಅನುಮಾನ ಯಾಕೆ ಬಂತು ಸಾರ್?"

"ನೋಡಿ ನೀವೇ. ಸೊನ್ನೆ, ಸೊನ್ನೆ, ಸೊನ್ನೆ. ಇದ್ದಕ್ಕಿದ್ದಂತೆ ಮೂರು. ತಾಯಿ ತುಂಬಿ ಕೊಟ್ಟ ಫಾರಂನಲ್ಲಿ ಎಲ್ಲ ಸರಿಯಾಗಿದೆ. ಯಂತ್ರ ಒಪ್ಪಲ್ಲ." ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. "ಹೋದ ವರ್ಷಾನೂ ಹೀಗೇ ಒಂದು ಅಂತ ಬಂದಿತ್ತು. ನೀವೇ ಸೊನ್ನೆ ಮಾಡಿ ಕೊಟ್ರಲ್ಲ, ಸಹಿ ಇದೆ."

ಸಹಿ ಇತ್ತು. ಅವಳದೇ. ಹೋದ ವರ್ಷ ಹದಿನಾಲ್ಕು ಚೀಟಿ ಒಟ್ಟಿಗೆ ಬಂದಿದ್ದವು. ಬಸ್ಸಿಗೆ ಹೊತ್ತಾಯಿತೆಂದು ನಿಂತೇ ಸಹಿ ಹಾಕಿದ್ದಳು. ಲಾಯರಮ್ಮನ ಸಂಖ್ಯೆ ಕಂಡಾಗ, ಆ ನಗುನಗುವ ಹುಡುಗಿಗೆಂಥ ದುಃಖ, ನನ್ನ ಬೆರಳೇ ಜಾರಿರಬೇಕು ಅಂದುಕೊಂಡಿದ್ದಳು. ಜಾರಿಲ್ಲ ಎಂದು ಬರೆದರೆ ಮತ್ತೆ ಹೋಗಿ ನಲವತ್ತೆರಡು ಪ್ರಶ್ನೆಯನ್ನೂ ಕೇಳಿ ಬರಬೇಕಿತ್ತು. ಜಾರಿದೆ ಎಂದರೆ ಅಲ್ಲಿಗೆ ಮುಗಿಯಿತು.

"ಈ ವರ್ಷ ಇಂಥ ಚೀಟಿ ಎಷ್ಟು ಸಾರ್?"

"ಮೂವತ್ತೊಂದು. ಬೇರೆ ಎಲ್ಲ ವಾಪಸ್ ಬಂತು. ಎಲ್ಲ ಬೆರಳು ಜಾರಿದ್ದೇ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಂಥ ಲೆಕ್ಕ ಇದು? ಮಗು ನಗುತ್ತೇನೆ ಅಂದರೆ ಯಾರೂ ಚೀಟಿ ಕಳಿಸುವುದಿಲ್ಲ, ಅದನ್ನು ಹಾಗೇ ನಂಬುತ್ತಾರೆ. ಅಳು ಬರುತ್ತದೆ ಅಂದರೆ ಮಾತ್ರ ಹೋದ ವರ್ಷದ ಸಾಕ್ಷಿ ಬೇಕು, ಅಮ್ಮನ ಸಾಕ್ಷಿ ಬೇಕು, ಸಹಿ ಬೇಕು. ಅಳುವುದಕ್ಕೂ ಇವರ ಅಪ್ಪಣೆ ಚೀಟಿ. ಒಂದು ವರ್ಷ ಅಳಿಸಿದ್ದೇ ಮುಂದಿನ ವರ್ಷ ಅಳಿಸುವುದಕ್ಕೆ ಪುರಾವೆ! ಗೋಡೆಯ ಮೇಲೆ ಆಳೆತ್ತರದ ಚಿತ್ರ, ಪ್ರತಿ ಮಗುವಿನ ದನಿಗೂ ಬೆಲೆಯಿದೆ ಎಂಬ ಬರಹ ಬೇರೆ. ಯಾರನ್ನು ಬೈಯುವುದು? ಬೈಯಲು ಹೊರಟರೆ ಮೊದಲನೆಯವಳು ತಾನೇ. ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ನೆತ್ತಿಗೇರಿತು.

"ಮೂವತ್ತೊಂದು ಮನೇಲೂ ಒಂದೇ ಪ್ರಶ್ನೆಗೆ ಬೆರಳು ಜಾರತ್ತಾ ಸಾರ್? ನಾಲ್ಕನೇ ಪ್ರಶ್ನೆಗೆ ಯಾರದ್ದೂ ಜಾರಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಆ ಮೂವತ್ತು ಮನೆಯ ಪಟ್ಟಿ ತೆಗೆದಿಡಿ. ಬಂದು ತಗೋತೀನಿ."

"ಸಹಿ ಆಗಿ ಮುಗಿದ ಮನೆಗಳ ಮರುಭೇಟಿಗೆ ಅನುಮತಿ ಬೇಕಮ್ಮ..."

"ಅನುಮತಿ ನೀವೇ ಬರ್ಕೊಳ್ಳಿ."

ಅವಳು ಕಚೇರಿಯಿಂದ ನೇರ ಆ ಮನೆಗೆ ಹೋದಾಗ ಲಾಯರಮ್ಮ ಮೆಟ್ಟಿಲ ಮೇಲೇ ಕೂತಿದ್ದಳು, ಶಾಲೆಗೆ ಹೋಗಿರಲಿಲ್ಲ. ಅವಳನ್ನು ಕಂಡ ಮೇಲೇ ಪ್ರಶ್ನೆ ಅಕ್ಕನಿಗೆ ಉಸಿರು ಬಂತು. "ಎರಡು ದಿನ ಅಂದಿದ್ರಿ" ಅಂದಳು ಹುಡುಗಿ. ಪ್ರಶ್ನೆ ಅಕ್ಕ ಅವಳ ಕೈ ಹಿಡಿದೇ ಒಳಗೆ ಹೋಗಿ, ಅವಳ ಎದುರಿಗೇ ತಾಯಿಗೆ ಎಲ್ಲವನ್ನೂ ಹೇಳಿದಳು. ತಾಯಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು, ಅರ್ಧ ಮಡಿಸಿದ ಬಟ್ಟೆಯನ್ನು ಎದೆಗೊತ್ತಿಕೊಂಡು ನಿಂತಳು. "ಒಂದೇ ಕೋಣೇಲಿ ಇರ್ತೀವಿ ಅಕ್ಕ. ನನಗೆ ಗೊತ್ತಾಗ್ಲಿಲ್ಲವಲ್ಲ" ಅಂದಳು. ಮೂವರೂ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋದರು.

ಮಕ್ಕಳ ಮನೋವೈದ್ಯೆ ವಯಸ್ಸಾದ ಹೆಂಗಸು. ಅವರ ಮೇಜಿನ ಮೇಲೆ ಪಟ್ಟಿಯಿರಲಿಲ್ಲ. "ಯಾವಾಗಿಂದ ಹೀಗೆ ಅನ್ನಿಸ್ತಿದೆ ಮಗಳೇ?" ಎಂದು ಕೇಳಿದರು.

"ಹೋದ ವರ್ಷದಿಂದ."

"ಯಾರ ಹತ್ರಾನಾದ್ರೂ ಹೇಳಿದ್ಯಾ?"

ಹುಡುಗಿ ಪ್ರಶ್ನೆ ಅಕ್ಕನ ಕಡೆ ಬೆರಳು ತೋರಿದಳು. "ಇವರಿಗೆ ಹೇಳಿದ್ದೆ. ಆಗ ಕೆಲವು ದಿನ ಅಷ್ಟೇ ಇತ್ತು. ಯಾರೂ ಬರ್ಲಿಲ್ಲ. ಓ, ಹಾಗಿದ್ರೆ ಎಲ್ಲರಿಗೂ ಹೀಗೇ ಇರತ್ತೇನೋ, ಸಹಿಸ್ಕೊಂಡು ಇರ್ತಾರೇನೋ ಅಂದ್ಕೊಂಡೆ."

ವೈದ್ಯೆ ತಲೆಯೆತ್ತಿ ನೋಡಿದರು. ತಾಯಿಯೂ ನೋಡಿದಳು. ಹನ್ನೊಂದು ವರ್ಷ ಯಾರ ಮಾತಿಗೂ ಅಲುಗದ ಮುಖ ಅಲ್ಲೇ ಒಡೆಯಿತು, ಅವಳು ಕಣ್ಣು ಒರೆಸಿಕೊಳ್ಳಲೂ ಹೋಗಲಿಲ್ಲ.

"ಎಲ್ಲರಿಗೂ ಹಾಗಿರಲ್ಲ ಕಂದ" ಅಂದಳು. "ನೀನು ಹೇಳಿದ್ದೆ. ನಾನು ಅಳಿಸಿದೆ."