ಮದುಮಗಳನ್ನು ಎತ್ತುವ ತಾಲೀಮು

ಮೊಣಕಾಲು ಹಿಡಿಯಬಹುದಿತ್ತು. ಹೊಸ ಬೂಟು ಹಿಮ್ಮಡಿ ಕಚ್ಚಬಹುದಿತ್ತು. ಕಲ್ಮಲ ರಸ್ತೆಯ ನಾಯಿಗಳು ಬೆನ್ನಟ್ಟಬಹುದಿತ್ತು, ಹತ್ತಿ ಲಾರಿಗೆ ಹೆದರಿ ನಾನು ಕಾಲುವೆಗೆ ಬೀಳಬಹುದಿತ್ತು. ನಮ್ಮ ರಾಯಚೂರಿನ ಬಿಸಿಲಿಗೆ ತಲೆಸುತ್ತು ಬರಬಹುದಿತ್ತು. ಮದುವೆಯ ಹೊತ್ತಿಗೆ ಮದುಮಗಳು ನಾಲ್ಕು ಕೆ.ಜಿ. ಹೆಚ್ಚಬಹುದಿತ್ತು, ಈ ಕೊನೆಯ ಚಿಂತೆಯ ಬಗ್ಗೆ ಮಾತ್ರ ಯಾರ ಮುಂದೂ ಬಾಯಿ ಬಿಡಲಿಲ್ಲ.

ನಮ್ಮ ಮನೆತನದಲ್ಲಿ ಮದುಮಗಳನ್ನು ಮಂಟಪಕ್ಕೆ ಸೋದರಮಾವನೇ ಎತ್ತಿಕೊಂಡು ಬರಬೇಕು. ಅಕ್ಕನ ದೊಡ್ಡ ಮಗಳ ಮದುವೆಯಲ್ಲಿ ಎತ್ತಿದ ಕೂಡಲೇ ನನ್ನ ಸೊಂಟ ಹಿಡಿಯಿತು. ಆಕೆ ನಡೆದು ಹೋದಳು, ನನ್ನನ್ನು ನಾಲ್ವರು ಎತ್ತಿಕೊಂಡು ಹೋದರು. ಈಗ ಚಿಕ್ಕವಳ ಸರದಿ. ದೇವದುರ್ಗದಿಂದ ಫೋನ್ ಮಾಡಿ, "ಮಾಮಾ, ನನ್ನ ನೀನೇ ಎತ್ಗೋಬೇಕು. ಬ್ಯಾರೆ ಯಾರ ಬಂದ್ರೂ ನಾ ಒಲ್ಲೆ," ಅಂದಳು.

ಮೂರು ತಿಂಗಳು ಮೊದಲೇ ಓಟ ಶುರುಮಾಡಿದೆ.

"ಎತ್ತೂದು ಹುಡುಗೀನ್ನ. ಓಡೂದು ಯಾಕ್ರಿ? ಎತ್ಗೊಂಡು ಓಡಿ ಹೋಗ್ತೀರೇನು?" ಎಂದಳು ಹೆಂಡತಿ.

ಬೆಳಿಗ್ಗೆ ಜೊತೆಗೆ ಓಡುತ್ತಿದ್ದ ಬಟ್ಟೆ ಅಂಗಡಿಯ ಸಾಹೇಬರದು ಬೇರೆಯೇ ಕಾಟ. ಎರಡನೇ ದಿನವೇ ನಾನು ಎರಡು ಕಿಲೋಮೀಟರಿನಿಂದ ಐದಕ್ಕೆ ಹಾರಿದ್ದನ್ನು ಕಂಡು, "ಅರೇ ಸರ್, ಮೊಣಕಾಲೇನು ಬಾಡಿಗಿಗೆ ತಂದೀರಿ?" ಎಂದು ನಿಲ್ಲಿಸಿದರು. ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು, ಒಂದು ದಿನ ಓಡಿದರೆ ಒಂದು ದಿನ ಬಿಡಬೇಕು, ನೋವಾದರೆ ನಿಲ್ಲಬೇಕು. ತಾಲೀಮಿಗೆಂದು ಅಕ್ಕಿ ಚೀಲ ಎತ್ತುವಾಗ ಬೆನ್ನು ಬಗ್ಗಿಸದೆ ಕೂತು ಏಳಬೇಕು. "ಮತ್ತ ತಣ್ಣನ ಮೈಗೆ ಭಾರ ಹಾಕಬ್ಯಾಡ್ರಿ. ಮೊದ್ಲ ಹತ್ತು ನಿಮಿಷ ಮೈ ಬಿಸಿ ಮಾಡ್ಕೋರಿ." ಬಿಡುವಿನ ದಿನಗಳಲ್ಲಿ ಅವರು ನಮ್ಮ ಮನೆ ಮುಂದೆ ಸ್ಕೂಟರ್ ನಿಧಾನ ಮಾಡಿ, ನಾನು ಕದ್ದು ಓಡುತ್ತಿದ್ದೇನೋ ಎಂದು ನೋಡಿ ಹೋಗುತ್ತಿದ್ದರು.

ಮಾನ್ವಿಯಲ್ಲಿ ಮದುವೆ. ಮದುಮಗಳನ್ನು ಮಂಟಪಕ್ಕೆ ಕರೆಯಲು ಇನ್ನೂ ಕಾಲು ತಾಸಿತ್ತು. ಜೋಬಿಲ್ಲದ ಮಡಿ ಪಂಚೆ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಛತ್ರದ ಹಿಂದೆ, ಸಿಲಿಂಡರುಗಳ ಸಂದಿಗೆ ಹೋದೆ. ಸಾಹೇಬರು ಹೇಳಿದ್ದು ಹತ್ತು ನಿಮಿಷ. ನನ್ನದು ಒಮ್ಮೆ ಕೈಕೊಟ್ಟ ಸೊಂಟ, ಇಪ್ಪತ್ತಿರಲಿ ಎಂದುಕೊಂಡೆ. ಕೂತೆ, ಎದ್ದೆ, ನಿಂತಲ್ಲೇ ಓಡಿದೆ.

ಹುಳಿ ಕುದಿಸುತ್ತಿದ್ದ ಅಡುಗೆಯವರು ಹೊರಗೆ ಇಣುಕಿದರು. "ಹೊಟ್ಟಿ ನೋವೇನ್ರೀ? ಓಂಕಾಳು ಕೊಡ್ಲೇನು?"

"ಏನಿಲ್ರಿ, ಮದುಮಗಳನ್ನ ಎತ್ತಬೇಕು."

"ಆಕಿ ಆಗಲೇ ಮಂಟಪಕ್ಕ ಹೋದ್ಲಲ್ರೀ!"

ಓಡಿದೆ. ಆ ಮೂರು ತಿಂಗಳಲ್ಲಿ ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಒಳಗೆ ಅಂತರಪಟ ಹಿಡಿದಾಗಿತ್ತು. ಅದರ ಈಚೆ ನಿಂತಿದ್ದ ಹುಡುಗಿ ನನ್ನತ್ತ ಕಣ್ಣು ಕೆಕ್ಕರಿಸಿದಳು. "ಎಲ್ಲಿ ಹೋಗಿದ್ದಿ ಮಾಮಾ? ಮುಹೂರ್ತ ಮೀರ್ತದ ಅಂತ ಆಚಾರ್ರು ಒದರಾಕತ್ತಿದ್ರು. ಎಷ್ಟೊತ್ತಂತ ಕಾಯ್ಲಿ? ನಡಕೋತ ಬಂದೆ."

ಮೊಣಕಾಲು ನೆಟ್ಟಗಿತ್ತು, ಸೊಂಟ ನೆಟ್ಟಗಿತ್ತು, ಮೈಯಿಂದ ಬೆವರು ಸುರಿಯುತ್ತಿತ್ತು. ಹೆಂಡತಿ ನನ್ನ ಅಂಗೈಗೆ ನಾಲ್ಕು ಕಾಳು ಅಕ್ಷತೆ ಹಾಕಿದಳು.

"ತಗೋರಿ, ಇವನ್ನರೆ ಎತ್ರಿ."