ಸಾಕ್ಷಿಗೆ ಬಂದ ಅಭಿಮಾನಿ ಪುಟ

ರಾಯಲ್ಪಾಡಿನ ಕಡೆ ಭಜನೆ ಕಟ್ಟುವವರಲ್ಲಿ ಒಂದು ಪದ್ಧತಿ ಇದೆ. ಹಾಡು ಯಾರೇ ಕಟ್ಟಲಿ, ಕೊನೆಯ ಸಾಲಿನಲ್ಲಿ ಬರಬೇಕಾದದ್ದು ಗುರುವಿನ ಹೆಸರು. ನನ್ನ ಸೋದರಮಾವ ಕಟ್ಟಿದ ತೆಲುಗು ಹಾಡುಗಳೆಲ್ಲ, ಎಂದೋ ತೀರಿಕೊಂಡ ಅವನ ಗುರುವಿನ ಹೆಸರಿನಲ್ಲೇ ಮುಗಿಯುತ್ತವೆ.

ಕ್ಯಾಸೆಟ್ ಕಂಪನಿಯೊಂದು ಅವುಗಳಲ್ಲಿ ಒಂದನ್ನು ಕದ್ದು, ಕೊನೆಯ ಸಾಲನ್ನು ಕತ್ತರಿಸಿ ಮಾರಿತು. ಕದ್ದದ್ದಕ್ಕೆ ಮಾವ ಸುಮ್ಮನಿದ್ದ. ಗುರುವಿನ ಹೆಸರು ಹೋಯಿತಲ್ಲ ಎಂದು ಕೋಲಾರದ ಕೋರ್ಟಿಗೆ ಹೋದ. ಹೆಸರು ಹಾಕಿಸಬೇಕಾದರೆ ಮೊದಲು ಹಾಡು ನನ್ನದು ಎನ್ನಬೇಕು ಎಂದರು ನಮ್ಮ ವಕೀಲರು.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾರನ್ನೂ ಬಿಡದೆ ಸೋಲಿಸುತ್ತಿದ್ದವನು. ಮಾವನನ್ನು ಕೂರಿಸಿ ಪಾಟೀಸವಾಲು ಅಭ್ಯಾಸ ಮಾಡಿಸಿದೆ.

“ಈ ಹಾಡು ಯಾರದು?”

“ಗುರುಗಳು ಕೊಟ್ಟಿದ್ದು.”

“ಮಾವ, ಅವ್ರು ಸತ್ಮೇಲೆ ನೀನು ಕಟ್ಟಿದ್ದು. ಅವ್ರೆಂಗೆ ಕೊಡ್ತಾರೆ?”

“ಏಮಿರಾ, ಸತ್ತೋರು ಕೊಡಬಾರ್ದು ಅಂತ ಕಾನೂನ್ ಐತಾ?”

ಕಟಕಟೆಯಲ್ಲಿ ಮಾವ ತಲೆ ತಗ್ಗಿಸಿಕೊಂಡು ಹೇಗೋ ಹಾಡು ನನ್ನದು ಎಂದ. ಆಗ ಎದುರು ವಕೀಲರು ಒಂದು ಪ್ರಿಂಟ್‌ಔಟ್ ತೆಗೆದರು. ಮಾಲೂರಿನ ಅಭಿಮಾನಿಯೊಬ್ಬ ಮಾವನ ಹಾಡುಗಾರಿಕೆಯ ಮೇಲಿನ ಪ್ರೀತಿಗೆ ಮಾಡಿದ್ದ ವೆಬ್‌ಸೈಟು ಅದು. ಹಾಡಿನ ಕೆಳಗೆ ‘ರಚನೆ’ ಎಂದು ಗುರುವಿನ ಹೆಸರು. ಪಾಪ, ಕೊನೆಯ ಸಾಲು ಕೇಳಿ ಬರೆದಿದ್ದ.

ತೀರ್ಪಿನಲ್ಲೂ ಅದೇ ಬಂತು: ವಾದಿಯ ಅಭಿಮಾನಿಗಳೇ ಹಾಡು ಗುರುವಿನದು ಎನ್ನುತ್ತಾರೆ, ಆದ್ದರಿಂದ ವಾದಿಗೆ ಹಕ್ಕಿಲ್ಲ, ದಾವೆ ವಜಾ. ಸೈಬರ್ ಸೆಂಟರಿನಲ್ಲಿ ಕೂತು ಯಾರೋ ಟೈಪು ಮಾಡಿದ್ದು ಸಾಕ್ಷಿಯಾಗುವುದಾದರೆ ಬಸ್‌ಸ್ಟ್ಯಾಂಡಿನ ಗೋಡೆಬರಹ ಯಾಕಾಗಬಾರದು ಎಂದು ಕೋರ್ಟಿನ ವರಾಂಡದಲ್ಲಿ ವಾದಿಸಿದೆ. ಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ನಮ್ಮ ವಕೀಲರು ಫೈಲು ಕಟ್ಟುತ್ತಿದ್ದರು.

ಅಭಿಮಾನಿ ಫೋನಿನಲ್ಲಿ ಅತ್ತೇಬಿಟ್ಟ. “ಅಣ್ಣಾ, ಈಗ್ಲೇ ತಿದ್ದಿಬಿಡ್ತೀನಿ.”

“ಮುಟ್ಬೇಡ ಅನ್ನಿ ಅವನಿಗೆ,” ಎಂದರು ವಕೀಲರು. “ತೀರ್ಪಾದ್ಮೇಲೆ ತಿದ್ದಿದ್ರೆ ಸಾಕ್ಷಿ ಸೃಷ್ಟಿ ಮಾಡಿದ್ರು ಅಂತಾರೆ.”

ಅಪೀಲು ಹೋಗೋಣ ಎಂದು ಮಾವನ ಮುಂದೆ ಕಾಗದ ಹಿಡಿದೆ.

“ಜಡ್ಜ್ ಸಾಹೇಬ್ರು ಹಾಡು ಗುರುಗಳ್ದು ಅಂತ ಬರ್ದವ್ರೆ. ಅದು ತಪ್ಪು ಅಂತ ನಾನು ಸೈನ್ ಹಾಕ್ಲಾ?”

“ಆದ್ರೆ ಕ್ಯಾಸೆಟ್‌ನಲ್ಲಿ ಗುರುಗಳ ಹೆಸ್ರು ಬರಲ್ವಲ್ಲ ಮಾವ.”

“ಬರಲ್ಲ,” ಎಂದ.

ಅವನು ಸಹಿ ಹಾಕಲಿಲ್ಲ, ಹಾಕುವುದಿಲ್ಲ ಅಂತಲೂ ಅನ್ನಲಿಲ್ಲ. ಅಪೀಲಿನ ಗಡುವು ಮುಗಿಯಿತು. ಶ್ರೀನಿವಾಸಪುರದ ಅಂಗಡಿಗಳಲ್ಲಿ ಆ ಕ್ಯಾಸೆಟ್ ಚೆನ್ನಾಗಿಯೇ ಹೋಗುತ್ತಿತ್ತು.