ಎಡಗಾಲಿಗೆ ಬಲಗಾಲಿನ ಅಸ್ತರು

ಏ, ಎದುರು ಸಾಲಿನವರೇ! ಕಿಟಕಿ ಸ್ವಲ್ಪ ಮೇಲೆತ್ತಿ. ಕೆಟಲು ಕೂಗುತ್ತಿದ್ದರೆ ಇಳಿಸಿಟ್ಟು ಬನ್ನಿ. ಬೂಟು ತಯಾರಿಸುವ ನಮ್ಮೂರಿನ ಸಿರಿಲ್ ಟೆಬ್ಬಟ್‌ನ ಕಥೆ ಹೇಳುತ್ತೇನೆ. ಯುದ್ಧ ಮುಗಿದಿತ್ತು, ಸಕ್ಕರೆಯ ರೇಷನ್ ಮುಗಿದಿರಲಿಲ್ಲ, ಆ ಕಾಲದ್ದು.

ನಮ್ಮೂರ ಕಾರ್ಖಾನೆಗಳಲ್ಲಿ ಚರ್ಮ ಕತ್ತರಿಸುವುದು ಗಂಡಸರ ಕೆಲಸ, ಹೊಲಿಯುವುದು ಹೆಂಗಸರ ಕೆಲಸ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಅಳಿಸಲಾದರೂ ಆಗುತ್ತಿತ್ತು. ಕೆಳಗಿನ ಕತ್ತರಿ ಕೋಣೆಯಲ್ಲಿ ಚರ್ಮ ಕತ್ತರಿಸುವವರು ಕಾಲರು, ಟೈ ಕಟ್ಟಿಕೊಂಡು ಬ್ಯಾಂಕಿನವರ ಹಾಗೆ ಬರುತ್ತಿದ್ದರು. ಅವರಲ್ಲೂ ಸಿರಿಲ್‌ನ ಗತ್ತೇ ಬೇರೆ. ಕರುವಿನ ಚರ್ಮದ ಮೇಲೆ ಮುಳ್ಳು ಗೀರಿದ ಗುರುತಿದ್ದರೂ ಅವನ ಚಾಕು ಅದನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತಿತ್ತು. ಮೇಲಿನ ಮಹಡಿಯ ಹೊಲಿಗೆ ಕೋಣೆಗೆ ಅವನಿಟ್ಟ ಹೆಸರು ಕೋಳಿಗೂಡು. ಅವನ ಹೆಂಡತಿ ಐವಿ ಮದುವೆಗೆ ಮುಂಚೆ ಅಲ್ಲೇ ಹೊಲಿದವಳು. ಅವಳ ಮುಂದೆಯೂ ಹಾಗೇ ಅನ್ನುತ್ತಿದ್ದ.

ಒಂದು ದಿನ ಚಾಕು ಜಾರಿ ಬಲಗೈಯ ಹೆಬ್ಬೆರಳಿಗೆ ಆಳವಾಗಿ ಇಳಿಯಿತು. ಗಾಯ ಮಾಯಿತು, ಬೆರಳಿಗೆ ಬಲ ಮಾತ್ರ ಬರಲಿಲ್ಲ. ಫೋರ್‌ಮನ್ ಪೆಟಿಫರ್ ಅವನನ್ನು ಕೋಳಿಗೂಡಿಗೇ ಹತ್ತಿಸಿದ. ಬೂಟಿನ ಮೇಲ್ಚರ್ಮದ ಒಳಗೆ ಬಟ್ಟೆಯ ಅಸ್ತರು ಅಂಟಿಸಿ, ಹೊಲಿಯಲು ಹಿಲ್ಡಾ ಲೋಸ್ಬಿಯ ಕೈಗೆ ದಾಟಿಸುವ ಕೆಲಸ.

"ಏನಮ್ಮಾ ಸಿರಿಲಮ್ಮಾ, ಮೊಟ್ಟೆ ಇಟ್ಯೇನಮ್ಮಾ?" ಹಳೆಯ ಜೊತೆಗಾರರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಅವನು ನಗುತ್ತಿದ್ದ. ನಗದಿದ್ದರೆ ಇನ್ನೂ ಕಷ್ಟ.

ಹಿಲ್ಡಾ ಮಾತ್ರ ಮೊದಲ ದಿನವೇ ಸ್ಟೂಲು ಎಳೆದು ಕೊಟ್ಟಿದ್ದಳು. "ಕೂತ್ಕೊಳ್ಳಿ ದೊರೆ. ಇಲ್ಲಿ ಯಾರೂ ಕಚ್ಚಲ್ಲ. ಮೇಬಲ್ ಒಬ್ಳು ಕಚ್ತಾಳೆ, ಅವ್ಳಿಗೆ ಹಲ್ಲಿಲ್ಲ."

ಹಿಲ್ಡಾ ಕೂರುತ್ತಿದ್ದದ್ದು ಕಿಟಕಿಯ ಪಕ್ಕದ ಮಿಷನ್ನಿಗೆ. ಬೆಳಕಿನ ಆ ಜಾಗಕ್ಕಾಗಿ ಅವಳು ಮುದುಕಿಯರು ಒಬ್ಬೊಬ್ಬರಾಗಿ ಬಿಟ್ಟುಹೋಗುವ ತನಕ ಕಾದಿದ್ದಳು.

ಒಂದು ಗುರುವಾರ ಬೆಳಗ್ಗೆ ಪೆಟಿಫರ್ ಮೆಟ್ಟಿಲು ನಡುಗುವಂತೆ ಹತ್ತಿ ಬಂದು, ಒಂದು ದೊಡ್ಡ ಗಂಟನ್ನು ಹಿಲ್ಡಾಳ ಮುಂದೆ ಎಸೆದ. ಹೊಲಿದು ಮುಗಿದಿದ್ದ ಮೇಲ್ಚರ್ಮಗಳು. ಎಡಗಾಲಿನವಕ್ಕೆಲ್ಲ ಬಲಗಾಲಿನ ಅಸ್ತರು, ಬಲಗಾಲಿನವಕ್ಕೆ ಎಡಗಾಲಿನದು.

"ಇದೇನಮ್ಮಾ? ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ವಾ? ಊಟ ಯಾವ ಕೈಲಿ ಮಾಡ್ತೀಯಾ?"

ಮಿಷನ್ನುಗಳು ಒಂದೊಂದಾಗಿ ನಿಂತವು. ತಪ್ಪು ಯಾರದೆಂದು ಸಿರಿಲ್‌ಗೆ ಹೊಳೆಯಿತು. ಕತ್ತರಿಸುವವರು ಚರ್ಮದ ನುಣುಪಾದ ಮುಖ ಮೇಲೆ ಮಾಡಿ ಹಾಸುತ್ತಾರೆ. ಅಂಟಿಸುವಾಗ ಮುಖ ಕೆಳಗಿರಬೇಕು. ಮುಖ ಮೇಲಿಟ್ಟೇ ಎಡ ಬಲ ವಿಂಗಡಿಸಿದ್ದ ಅವನು. ಮಗುಚಿದರೆ ಎಡದ್ದು ಬಲದ್ದರಂತೆ ಕಾಣುತ್ತದೆ; ಹಾಗೇ ಅಂಟಿಸಿ ಎಲ್ಲ ಅದಲುಬದಲಾಗಿತ್ತು. ಅವನ ಕೈಯಿಂದ ಬಂದದ್ದು ಸರಿಯೇ ಇರುತ್ತದೆಂದು ಹಿಲ್ಡಾ ಕಣ್ಣುಮುಚ್ಚಿ ಹೊಲಿದಿದ್ದಳು.

ಅವಳು ಒಮ್ಮೆ ಅವನ ಕಡೆ ನೋಡಿದಳು. ಅವನು ಕುಂಚವನ್ನು ಅಂಟಿನ ಡಬ್ಬಿಗೆ ಅದ್ದಿದ. ಕುಂಚಕ್ಕೆ ಆಗಲೇ ಅಂಟು ಮೆತ್ತಿತ್ತು.

"ಬಿಚ್ಚಿ ಹೊಲಿತೀನಿ, ಸಾರ್," ಎಂದಳು.

"ಮನೇಲಿ ಕೂತು ಬಿಚ್ಚು. ನಾಳೆಯಿಂದ ಈ ಮಿಷನ್ ಬೇರೆಯವ್ರಿಗೆ. ನೀನು ಮೂಲೇಲಿ ಕೂತು ದಾರ ಕತ್ತರಿಸ್ತಿರು."

ಬಾಯಿ ಬಿಟ್ಟರೆ ಕೆಳಗಿನವರು ಏನನ್ನುತ್ತಾರೆಂದು ಸಿರಿಲ್‌ಗೆ ಗೊತ್ತಿತ್ತು: ಹೆಂಗಸರ ಕೆಲಸವೂ ಬಾರದವನು! ಅವನು ಮುಂದಿನ ಅಸ್ತರಿಗೆ ಅಂಟು ಬಳಿದ. ಅಂದು ಇಡೀ ದಿನ ಯಾರೂ ಅವನನ್ನು ಬೈಯಲಿಲ್ಲ. ಮೇಬಲ್ ಟೀ ಕೂಡ ತಂದುಕೊಟ್ಟಳು. ಅವನು ಅದನ್ನು ಮುಟ್ಟದೆ ಆರಲು ಬಿಟ್ಟ.

ಸಂಜೆ ಹೆಂಗಸರ ಗಂಟೆ ಮೊದಲು ಹೊಡೆಯುತ್ತಿತ್ತು. ಗಂಡಂದಿರು ಬರುವಷ್ಟರಲ್ಲಿ ಆಲೂಗಡ್ಡೆ ಬೇಯಬೇಕಲ್ಲ. ಅವರೆಲ್ಲ ಇಳಿದ ಮೇಲೆ ಸಿರಿಲ್ ಪೆಟಿಫರ್‌ನ ಬಾಗಿಲಿಗೆ ಹೋದ.

"ಅಸ್ತರು ಅದಲುಬದಲು ಮಾಡಿದ್ದು ನಾನು, ಸಾರ್."

ಪೆಟಿಫರ್ ನಕ್ಕ. "ಹಿಲ್ಡಾ ಕಣ್ಣೀರು ಹಾಕಿದ್ಲಾ? ಒಳ್ಳೆ ಮನುಷ್ಯ ಕಣಯ್ಯಾ ನೀನು. ಕತ್ತರಿ ಕೋಣೆಯವ್ನು ಎಡ ಬಲ ತಪ್ತಾನೇನೋ? ಹೋಗು, ಹೋಗು."

ಗಂಡಸರ ಗಂಟೆ ಹೊಡೆದು ಎಲ್ಲರೂ ಹೊರಟ ಮೇಲೆ ಸಿರಿಲ್ ಹೊರಬಂದ. ಬೀದಿಗೆ ಕಾಲಿಟ್ಟಾಗ ತನ್ನ ಎದೆ ಹಗುರಾಗಿದೆ ಎಂದು ತಿಳಿಯಿತು. ಹೇಳಿದ್ದೂ ಆಯಿತು, ಮರ್ಯಾದೆಯೂ ಉಳಿಯಿತು. ಹಗುರಾದದ್ದಕ್ಕೇ ಅವನ ಮುಖ ಬಿಸಿಯಾಯಿತು.

ಏರುದಾರಿಯಲ್ಲಿ, ಗಂಟು ಹೇರಿಕೊಂಡು ತಡವಾಗಿ ಹೊರಟ ಹಿಲ್ಡಾ ಮಗುವಿನ ಹಳೆಯ ಗಾಡಿ ತಳ್ಳುತ್ತಿದ್ದಳು. ಹೊಲಿಗೆ ಮನೆಗೊಯ್ಯುವ ಹೆಂಗಸರೆಲ್ಲ ಗಂಟು ಹೇರುವುದು ಅಂಥ ಗಾಡಿಯಲ್ಲೇ. ಸಿರಿಲ್ ಓಡಿ ಹಿಡಿದ.

"ಹೇಳ್ದೆ ಹಿಲ್ಡಾ. ನಾನೇ ಅಂತ ಹೇಳ್ದೆ. ನಂಬ್ಲಿಲ್ಲ."

"ಎಷ್ಟು ಸಲ ಹೇಳಿದ್ರಿ?"

"...ಒಂದ್ಸಲ."

ಅವಳು ಗಾಡಿ ತಳ್ಳಿದಳು. ಸಿರಿಲ್ ಕೈಹಾಕಿ ಹಿಡಿ ತೆಗೆದುಕೊಂಡ. ನಮ್ಮೂರಲ್ಲಿ ಗಂಡಸು ಸ್ವಂತ ಮಗುವಿನ ಗಾಡಿಯನ್ನೂ ಮುಟ್ಟುತ್ತಿರಲಿಲ್ಲ. ಮುಂದೆ ಕಾರ್ಮಿಕರ ಕ್ಲಬ್ಬಿನ ಬಾಗಿಲಲ್ಲಿ ಕತ್ತರಿ ಕೋಣೆಯವರು ಬಿಯರ್ ಗ್ಲಾಸು ಹಿಡಿದು ನಿಂತಿದ್ದರು, ಸೈಕಲ್ಲಲ್ಲಿ ಮುಂಚೆಯೇ ಬಂದಿದ್ದ ಪೆಟಿಫರ್ ಕೂಡ ಅವರ ನಡುವೆ ಇದ್ದ. ಒಂದು ಗಳಿಗೆ ಸಿರಿಲ್ ಗಾಡಿಯನ್ನು ಆಚೆ ಬದಿಗೆ ತಿರುಗಿಸಿದ. ಹಿಲ್ಡಾ ಅದನ್ನೂ ನೋಡಿದಳು. ಅವನು ಮತ್ತೆ ಈ ಬದಿಗೆ ತಿರುಗಿಸಿದ.

"ಅಯ್ಯಯ್ಯೋ, ಸಿರಿಲಮ್ಮಂಗೆ ಹೆರಿಗೆ ಆಯ್ತು ಕಣ್ರೋ! ಗಂಡೋ ಹೆಣ್ಣೋ?"

"ನಾನು ಕೆಡಿಸಿದ ಕೆಲಸ ಇದು," ಎಂದ ಸಿರಿಲ್. ಅವರು ಇನ್ನೂ ಜೋರಾಗಿ ನಕ್ಕರು. ಅವನು ಗಾಡಿ ನಿಲ್ಲಿಸಿದ. "ಕೇಳ್ರಪ್ಪಾ. ಕತ್ತರಿಸೋ ಥರ ಮುಖ ಮೇಲಿಟ್ಕೊಂಡು ಎಡ ಬಲ ಬೇರೆ ಮಾಡ್ದೆ. ಮಗುಚಿ ಅಂಟಿಸ್ದೆ. ಬೆಳಗ್ಗೆ ಅವ್ಳು ಬೈಸ್ಕೊಳ್ವಾಗ ಪಕ್ಕದಲ್ಲೇ ಕೂತಿದ್ದೆ, ತುಟಿ ಬಿಚ್ಲಿಲ್ಲ."

ನಗು ನಿಂತಿತು. ಚಾಕು ಹಿಡಿದ ಕೈಗಳಿಗೆಲ್ಲ ಆ ತಪ್ಪು ಹೇಗಾಗುತ್ತದೆಂದು ಥಟ್ಟನೆ ಅರ್ಥವಾಗಿತ್ತು. ಒಬ್ಬ ತನ್ನ ಗ್ಲಾಸಿನೊಳಗೆ ನೋಡತೊಡಗಿದ.

"ಅವ್ಳ ಮಿಷನ್, ಸಾರ್?"

"ನಾಳೆ ನೋಡೋಣ ಬಿಡಯ್ಯಾ," ಎಂದ ಪೆಟಿಫರ್.

"ಇವ್ರೆಲ್ಲರ ಮುಂದೆ ಈಗ್ಲೇ ಹೇಳ್ಬಿಡಿ."

"ಸರಿ ಮಾರಾಯಾ, ಅವ್ಳಿಗೇ ಇರ್ಲಿ. ಮೊದ್ಲು ಆ ಗಾಡಿ ಇಲ್ಲಿಂದ ತಗೊಂಡು ಹೋಗು, ನೋಡೋಕಾಗಲ್ಲ."

ತಿರುವು ದಾಟುವವರೆಗೂ ಬೆನ್ನ ಹಿಂದೆ ಯಾರೂ ಸಿಳ್ಳೆ ಹಾಕಲಿಲ್ಲ. ಹಾಕಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ಹಿಲ್ಡಾ ಥ್ಯಾಂಕ್ಸ್ ಎನ್ನಲಿಲ್ಲ.

"ಬೆಳಗ್ಗೆ ಹೇಳ್ಬೇಕಿತ್ತು," ಎಂದಳು.

"ಹೌದು."

ಅವಳ ಅಡುಗೆಮನೆಯಲ್ಲಿ ಗಂಟಿಳಿಸಿದ. ಹಿಲ್ಡಾ ಹೊಲಿಗೆ ಬಿಚ್ಚುವ ಸಣ್ಣ ಚಾಕುವನ್ನು ಅವನ ಮುಂದಿಟ್ಟು, ಆಲೂಗಡ್ಡೆ ಸುಲಿಯಲು ಬೆನ್ನು ತಿರುಗಿಸಿದಳು. ಬಲವಿಲ್ಲದ ಹೆಬ್ಬೆರಳು ಎರಡು ಸಲ ಜಾರಿತು. ಸಿರಿಲ್ ಚಾಕುವನ್ನು ಎಡಗೈಗೆ ಬದಲಿಸಿ, ಮೊದಲ ಹೊಲಿಗೆ ಬಿಚ್ಚಿದ.